ಕಟ್ಟೆಯ ಮೇಲಿನ ಕಾಯಿ

ಅಕ್ಕಲಕೋಟೆಯ ಹಳೆಯ ಓಣಿಯೊಂದರಲ್ಲಿರುವ ಆ ಮನೆಯ ಪಡಸಾಲೆಗೆ ಶಹಾಬಾದದ ಪರಸಿ ಹಾಸಿದೆ. ಗೋಡೆಯ ಬದಿಯ ಪರಸಿಯೊಂದರ ಮೇಲೆ ಎಂದೋ ಯಾರೋ ಉಳಿಯಿಂದ ಕೊರೆದ, ಅಡ್ಡಕ್ಕೆ ಐದು ಉದ್ದಕ್ಕೆ ಐದು ಮನೆಗಳ ಚೌಕಾಬಾರದ ಪಟ್ಟವಿದೆ. ಬಹಳ ವರ್ಷಗಳಿಂದ ಅದರ ಮೇಲೆ ಜೋಳದ ಚೀಲಗಳು ಕುಳಿತಿದ್ದುದರಿಂದ ಮನೆಯ ಮಕ್ಕಳಿಗೆ ಅದು ಇರುವ ಸಂಗತಿಯೇ ತಿಳಿದಿರಲಿಲ್ಲ. 2020ರ ಮಾರ್ಚ್ 25ರ ಬೆಳಿಗ್ಗೆ ಕಿರಿಯ ಮಗ ಚೀಲಗಳನ್ನು ಸರಿಸಿದ. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದ್ದರು. ಮನೆಯಲ್ಲಿ ಜೋಳ ಎಷ್ಟಿದೆ, ಏಳು ಬಾಯಿಗೆ ಎಷ್ಟು ದಿನ ಬಂದೀತು ಎಂದು ಲೆಕ್ಕ ಹಾಕುವುದು ಅವನ ಉದ್ದೇಶ. ಲೆಕ್ಕ ಮುಗಿಯಿತು, ಚೀಲಗಳು ಇನ್ನೊಂದು ಮೂಲೆಗೆ ಹೋದವು, ಪಟ್ಟ ಬೆಳಕಿಗೆ ಬಂತು.

ಅಂದು ಯುಗಾದಿ. ಬಾಗಿಲಲ್ಲಿ ಗುಡಿ ಏರಿತ್ತು, ಒಳಗೆ ಬೇವು ಕಲಸಿತ್ತು. ಗಡಿಯ ಮನೆಗಳಲ್ಲಿ ಇವೆರಡೂ ಕೂಡಿಯೇ ಇರುತ್ತವೆ. ಯಾವುದು ಯಾರದು ಎಂದು ಕೇಳುವವರು ಹೊರಗಿನವರು ಮಾತ್ರ. ಮರುದಿನ ಚೈತ್ರ ಶುದ್ಧ ಬಿದಿಗೆ, ಸ್ವಾಮಿ ಸಮರ್ಥರ ಪ್ರಕಟ ದಿನ. ಆ ದಿನ ಅಕ್ಕಲಕೋಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ವರ್ಷ ಗುಡಿಯ ಮುಂದಿನ ರಸ್ತೆಯಲ್ಲಿ ನಾಯಿಗಳು ಮಲಗಿದ್ದವು.

ಆ ಮನೆಯ ಹಿರಿಯಳಿಗೆ ಆಗ 78 ವರ್ಷ. ಮಕ್ಕಳು ಅವಳನ್ನು 'ಅವ್ವ' ಎನ್ನುತ್ತಾರೆ, ಮೊಮ್ಮಕ್ಕಳು 'ಆಯಿ' ಎನ್ನುತ್ತಾರೆ. ಈ ಭಾಗದ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ನೆರೆಯ ಮರಾಠಿ ಮನೆಯ ಮಗು 'ಆಯಿ' ಎಂದು ಕೂಗಿದರೂ ಇವಳು 'ಓ' ಎನ್ನುತ್ತಾಳೆ. ಹಿರಿಯ ಮಗ ಎಸ್‌ಟಿ ಬಸ್ಸಿನ ಚಾಲಕ. ಇಪ್ಪತ್ತೆರಡು ವರ್ಷದ ಸೇವೆ. ಕಿರಿಯವನು ಪತಸಂಸ್ಥೆಯೊಂದರಲ್ಲಿ ಗುಮಾಸ್ತ. ಇಬ್ಬರು ಸೊಸೆಯಂದಿರು. ಹಿರಿಯವನ ಮಗಳು ಆ ಜೂನಿಗೆ ಎಂಟನೆಯ ತರಗತಿಗೆ, ಕಿರಿಯವನ ಮಗ ನಾಲ್ಕನೆಯ ತರಗತಿಗೆ ಹೋಗಬೇಕಾದವರು. ಇಬ್ಬರೂ ಕನ್ನಡ ಶಾಲೆಯವರು.

ಮೊದಲ ವಾರ ಎಲ್ಲ ಮನೆಗಳಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಕಳೆಯಿತು. ಮಾರ್ಚ್ 28ರಿಂದ ದೂರದರ್ಶನದಲ್ಲಿ ರಾಮಾಯಣ ಮರಳಿ ಬಂತು. ಸೊಸೆಯಂದಿರು ಹಪ್ಪಳ, ಸಂಡಿಗೆ, ಕುರಡಗಿಗಳನ್ನು ಒಂದು ತಿಂಗಳು ಮೊದಲೇ ಮಾಡಿ ಮುಗಿಸಿದರು. ಹಳೆಯ ಸೀರೆಗಳನ್ನು ತೆಗೆದು ಕೌದಿ ಹೊಲಿಯಲು ಕುಳಿತರು. ಕೌದಿಗೆ ಬರದ ತುಂಡುಗಳು ಮಾಸ್ಕ್ ಆದವು. ಇವೆಲ್ಲ ಮುಗಿದ ಮೇಲೆ, ಏಪ್ರಿಲ್ ತಿಂಗಳ ಉರಿ ಮಧ್ಯಾಹ್ನಗಳಲ್ಲಿ, ಆಯಿ ತನ್ನ ಟ್ರಂಕಿನಿಂದ ನಾಲ್ಕು ಕವಡೆಗಳನ್ನು ತೆಗೆದಳು.

ಚೌಕಾಬಾರ ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ಇಂದಿನ ವಿದ್ಯಾರ್ಥಿಗಳಲ್ಲಿ ಬಲ್ಲವರು ಕಡಿಮೆ. ನಾಲ್ಕು ಜನ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆಚೂರು, ಹುಣಸೆಬೀಜ, ಹರಳು, ಜೋಳದ ದಂಟಿನ ತುಂಡು, ಹೀಗೆ ಕೈಗೆ ಸಿಕ್ಕದ್ದೇ ಕಾಯಿ. ನಾಲ್ಕು ಬದಿಯ ನಡುಮನೆಗಳಿಗೆ ಗುಣಿಸುಗೆರೆ ಹಾಕಿರುತ್ತದೆ, ಅವು ಕಟ್ಟೆಗಳು. ಕಟ್ಟೆಯ ಮೇಲೆ ಕುಳಿತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಕಟ್ಟೆ ಬಿಟ್ಟರೆ ಹಿಂದಿನಿಂದ ಬಂದವರು ಹೊಡೆಯಬಹುದು. ಹೊಡೆಸಿಕೊಂಡ ಕಾಯಿ ಮೊದಲಿನಿಂದ ಹೊರಡಬೇಕು. ತಾನೂ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹೊರಸುತ್ತಿನ ಹದಿನಾರು ಮನೆ, ಒಳಸುತ್ತಿನ ಎಂಟು ಮನೆ ದಾಟಿ ನಟ್ಟನಡುವಿನ ಮನೆ ಸೇರಿದ ಕಾಯಿ 'ಹಣ್ಣು' ಆಗುತ್ತದೆ. ಕಾಯಿ ಹಣ್ಣಾಗುವುದು ಎಂಬ ಈ ಮಾತು ಎಷ್ಟು ಹಳೆಯದೋ ಅಷ್ಟು ಚೆಲುವಾದುದು.

ಎಷ್ಟು ಕವಡೆ ಬಾಯಿ ತೆರೆದು ಬಿದ್ದವೋ ಅಷ್ಟು ಹೆಜ್ಜೆ. ನಾಲ್ಕೂ ತೆರೆದರೆ ಚೌಕ, ನಾಲ್ಕೂ ಕವುಚಿದರೆ ಬಾರ, ಅಂದರೆ ಎಂಟು. ಪತಸಂಸ್ಥೆಯ ಗುಮಾಸ್ತ ಮೂರನೆಯ ದಿನವೇ ಇದರ ಲೆಕ್ಕವನ್ನು ಮಕ್ಕಳ ಪಾಟಿಯ ಮೇಲೆ ಬರೆದು ತೋರಿಸಿದ. ನಾಲ್ಕು ಕವಡೆ ಹದಿನಾರು ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎರಡು ಬೀಳುವುದು ಆರು ಸಲ, ಒಂದು ನಾಲ್ಕು ಸಲ, ಮೂರು ನಾಲ್ಕು ಸಲ. ಚೌಕ ಒಂದೇ ಸಲ, ಬಾರವೂ ಒಂದೇ ಸಲ. ಲೆಕ್ಕ ತಪ್ಪಿಲ್ಲ. ಆದರೆ ಕವಡೆ ನಾಣ್ಯವಲ್ಲ. ಅದರ ಒಂದು ಬದಿ ಗುಬ್ಬಿ, ಇನ್ನೊಂದು ಬದಿ ಚಪ್ಪಟೆ. ಒಂದೊಂದು ಕವಡೆಗೆ ಒಂದೊಂದು ವಾಲು. ಆಯಿಯ ಕವಡೆಗಳಲ್ಲಿ ಒಂದು ಅಂಚು ಸವೆದು ಹತ್ತಕ್ಕೆ ಏಳು ಸಲ ಬಾಯಿ ತೆರೆದೇ ಬೀಳುತ್ತಿತ್ತು. ಅದು ಆಯಿಗೆ ಗೊತ್ತಿತ್ತು, ಪಾಟಿಗೆ ಗೊತ್ತಿರಲಿಲ್ಲ.

ಇಷ್ಟಾದರೂ ಆ ಮಧ್ಯಾಹ್ನಗಳಲ್ಲಿ ನಿಜವಾಗಿ ತಿಳಿಯಬೇಕಾಗಿದ್ದುದು ಕವಡೆಗಳ ಸ್ವಭಾವವಲ್ಲ, ಆಡುವವರದು. ಕಿರಿಯವನು ಹಾಲಿನ ಪಾಕೀಟನ್ನು ಸೋಪಿನಿಂದ ತೊಳೆದು, ಬಿಸಿಲಿಗೆ ಇಟ್ಟು, ಮತ್ತೆ ತೊಳೆದು ಒಳಗೆ ತರುವವನು. ವೃತ್ತಪತ್ರಿಕೆಗೆ ಇಸ್ತ್ರಿ ಹಾಕಿ ಓದಿದವನು. ಪಟ್ಟದ ಮುಂದೆ ಕುಳಿತರೆ ಅವನು ಬೇರೆಯೇ ಮನುಷ್ಯ: ಕಾಯಿಗಳನ್ನು ಬಯಲಿಗೆ ನೂಕಿ, ಒಂದನ್ನು ಹೊಡೆಯಲು ತನ್ನ ಎರಡನ್ನು ಹೊಡೆಸಿಕೊಂಡು, ಗೆದ್ದರೆ ಕುಣಿದು, ಸೋತರೆ ಮತ್ತೊಂದು ಆಟ ಎನ್ನುವವನು. (ಲಾಕ್‌ಡೌನಿಗೆ ಮುಂಚೆ ಇದೇ ಮನುಷ್ಯ ಸೊಲ್ಲಾಪುರಕ್ಕೆ ನಲವತ್ತು ಕಿಲೋಮೀಟರು ಹೆಲ್ಮೆಟ್ ಇಲ್ಲದೆ ಹೋಗಿ ಬರುತ್ತಿದ್ದ. ಅದನ್ನು ಯಾರೂ ಧೈರ್ಯವೆಂದೂ ಕರೆದಿರಲಿಲ್ಲ, ಅಪಾಯವೆಂದೂ ಕರೆದಿರಲಿಲ್ಲ, ಅಭ್ಯಾಸಕ್ಕೆ ಹೆಸರಿರುವುದಿಲ್ಲ.) ಹಿರಿಯವನಾದರೋ ಕಟ್ಟೆಯಿಂದ ಕಟ್ಟೆಗೆ ಹೋಗುವಷ್ಟು ಗರ ಬಿದ್ದರೆ ಮಾತ್ರ ಕಾಯಿ ಎತ್ತುವವನು. ಬೇರೆ ನಡೆಯೇ ಇಲ್ಲದಾಗ, ಕಳೆದರೂ ಚಿಂತೆಯಿಲ್ಲವೆನಿಸಿದ ಒಂದೇ ಕಾಯಿಯನ್ನು ಮುಂದಿಡುತ್ತಿದ್ದ. ಆಯಿ ರೇಗುತ್ತಿದ್ದಳು:

"ಕಟ್ಟಿ ಮ್ಯಾಲ ಕುಂತ ಕಾಯಿ ಸಾಯೂದಿಲ್ಲ ಖರೆ, ಹಣ್ಣೂ ಆಗೂದಿಲ್ಲೋ ತಮ್ಮಾ."

ಅದಕ್ಕೆ ಅವನು, "ಐವತ್ತು ಮಂದೀನ ಕುಂದ್ರಿಸಿಕೊಂಡು ಗಾಡಿ ಹೊಡ್ಯಾಂವಗ ಇದs ರೂಢಿ ನೋಡವ್ವಾ" ಎಂದು ನಗುತ್ತಿದ್ದ.

ಅಪಾಯದ ಬಗೆಗಿನ ಮನೋಭಾವ ಎಂಬುದು ಒಬ್ಬ ಮನುಷ್ಯನಲ್ಲಿ ಒಂದೇ ಹಾಸಿನ ಬಟ್ಟೆಯಂತೆ ಇರುವುದಿಲ್ಲ. ಅದೂ ಒಂದು ಕೌದಿ. ಆಯಿಯನ್ನೇ ನೋಡಬಹುದು. ತನ್ನ ಅತ್ತೆಯಿಂದ ಅವಳು 'ಮಾನಮೋಡಿ'ಯ ಕಥೆ ಕೇಳಿದ್ದಳು. 1918ರ ಆ ಜ್ವರಕ್ಕೆ ಮರಾಠಿ ಸೀಮೆ ಕೊಟ್ಟ ಹೆಸರದು: ಕುತ್ತಿಗೆ ಮುರಿಯುವಂಥದ್ದು. ಅದಕ್ಕೂ ಹಿಂದಿನ ಪ್ಲೇಗಿನಲ್ಲಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನೂ ಕೇಳಿದ್ದಳು. ಆದ್ದರಿಂದ ಲಾಕ್‌ಡೌನ್ ಅವಳಿಗೆ ಹೊಸದೆನಿಸಲಿಲ್ಲ. ಆಗ ಊರು ಬಿಟ್ಟು ಓಡುತ್ತಿದ್ದರು, ಈಗ ಮನೆ ಸೇರಿ ಕದ ಹಾಕುತ್ತಾರೆ, ಅಷ್ಟೇ ಎಂದಳು. ತನ್ನ ಜೀವದ ಬಗ್ಗೆ ಇಷ್ಟು ಹಗುರಾಗಿ ಮಾತಾಡಿದವಳು ಹಿರಿಯ ಮಗನಿಗೆ ಡ್ಯೂಟಿಯ ಕರೆ ಬಂದ ದಿನ ಊಟ ಮಾಡಲಿಲ್ಲ.

ಆ ಕರೆ ಬಂದದ್ದು ಮೇ ತಿಂಗಳಲ್ಲಿ. ನಡೆದು ಹೊರಟಿದ್ದ ವಲಸೆ ಕೂಲಿಗಾರರನ್ನು ಎಸ್‌ಟಿ ಬಸ್ಸುಗಳಲ್ಲಿ ಉಚಿತವಾಗಿ ರಾಜ್ಯದ ಗಡಿಗಳವರೆಗೆ ಮುಟ್ಟಿಸಲು ಸರ್ಕಾರ ತೀರ್ಮಾನಿಸಿತ್ತು. ಹಿರಿಯವನು ಹೊರಟ. ಹೋಗುವುದೋ ಬಿಡುವುದೋ ಎಂಬ ಚರ್ಚೆಯೇ ಅವನಲ್ಲಿ ಹುಟ್ಟಲಿಲ್ಲ. ಮರಳಿ ಬಂದ ಮೇಲೆ ಮನೆಯೊಳಗೆ ಹುಟ್ಟಿತು. ಕಿರಿಯವನು ಬಾಗಿಲಲ್ಲಿ ನಿಂತು ನೆಲ ನೋಡುತ್ತ ಹೇಳಿದ:

"ಅಣ್ಣಾ, ಅವ್ವಗ ಎಪ್ಪತ್ತೆಂಟ ಆಗ್ಯಾವು. ಸಕ್ಕರಿ ಬ್ಯಾನಿ ಐತಿ. ನೀ ಸ್ವಲ್ಪ ದಿವ್ಸ ಹೊರಗs ಮಲ್ಕೊ."

ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ ಮಾತಿಗೇ ಉತ್ತರವಿಲ್ಲದಿರುವುದು. ಮನೆಯ ಮುಂದಿನ ಕಲ್ಲುಕಟ್ಟೆಯ ಮೇಲೆ ಅವನ ಹಾಸಿಗೆ ಬಿತ್ತು. ಅವನಿಗೆಂದು ಒಂದು ತಾಟು, ಒಂದು ವಾಟಗ ಬೇರೆ ತೆಗೆದಿಡಲಾಯಿತು. ಕೂಡಿಬಿಡಬಾರದೆಂದು ಕಿರಿಯವನು ಅವುಗಳ ಅಂಚಿಗೆ ಕೆಂಪು ನೇಲ್‌ಪಾಲಿಶಿನ ಚುಕ್ಕೆ ಇಟ್ಟ. ಹಾಸಿಗೆ ಹೊರಗೆ ಬಿದ್ದುದನ್ನು ಹಿರಿಯ ಸೊಸೆ ಸಹಿಸಿಕೊಂಡಳು. ಆ ಚುಕ್ಕೆಯನ್ನು ಸಹಿಸಲಿಲ್ಲ. ಜಗಳವೇನೂ ಆಗಲಿಲ್ಲ, ಅಂದಿನಿಂದ ಅವಳು ಮೈದುನನಿಗೆ ತಾನಾಗಿ ಬಡಿಸುವುದನ್ನು ಬಿಟ್ಟಳು.

ಎರಡು ಭಾಷೆಗಳಲ್ಲಿ ಕಲಿತವರಿಗೆ ಶಬ್ದಗಳೂ ಇಂಥ ಸಮಯದಲ್ಲಿ ಜೋಡಿಯಾಗಿಯೇ ಬರುತ್ತವೆ. ಮರಾಠಿ ಪತ್ರಿಕೆಗಳು ಲಾಕ್‌ಡೌನನ್ನು 'ಟಾಳೇಬಂದಿ' ಎಂದವು, ಬೀಗ ಜಡಿದದ್ದು. ಪ್ರತ್ಯೇಕವಾಗಿರುವುದಕ್ಕೆ ಅಲ್ಲಿ 'ವಿಲಗೀಕರಣ'. ಕನ್ನಡ ಪತ್ರಿಕೆಗಳಲ್ಲಿ ಕ್ವಾರಂಟೈನ್ ಎಂಬುದೇ ನಡೆಯಿತು. ಮರಾಠಿಯಲ್ಲಿ 'ಜೋಖೀಮ್' ಎಂದರೆ ಅಪಾಯ, ಕನ್ನಡದಲ್ಲಿ 'ಜೋಕೆ' ಎಂದರೆ ಎಚ್ಚರ. ಕಿವಿಗೆ ಒಡಹುಟ್ಟಿದವರಂತೆ ಕೇಳುವ ಈ ಎರಡು ಶಬ್ದಗಳು ಆ ಬೇಸಗೆಯಲ್ಲಿ ಒಂದೇ ಮನೆಯಲ್ಲಿದ್ದವು, ಒಂದು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ.

ಆಟ ನಿಲ್ಲಲಿಲ್ಲ. ಪಟ್ಟ ಬಾಗಿಲಿಗೆ ನೇರವಾಗಿರುವುದು ಅನುಕೂಲವಾಯಿತು. ಹಿರಿಯವನ ಪಾಲಿನ ಕವಡೆಗಳನ್ನು ಮಗಳು ಒಗೆಯುತ್ತಿದ್ದಳು. ಬಿದ್ದ ಗರವನ್ನು ಕೂಗಿ ಹೇಳುತ್ತಿದ್ದಳು. ಅವನು ಕಟ್ಟೆಯ ಮೇಲಿಂದಲೇ ಯಾವ ಕಾಯಿ ನಡೆಸಬೇಕೆಂದು ಹೇಳುತ್ತಿದ್ದ. ಆಗಲೇ ಮನೆಯವರು ಒಂದು ಬದಲಾವಣೆ ಕಂಡರು. ಕಟ್ಟೆ ಬಿಡದ ಮನುಷ್ಯ ಈಗ ಕಾಯಿಗಳನ್ನು ಬಿಡಬೀಸಾಗಿ ನಡೆಸತೊಡಗಿದ್ದ. ಹೊರಗೆ ಮಲಗಿದವನಿಗೆ ಕಳೆದುಕೊಳ್ಳುವ ಭಯ ಹೋಯಿತೋ, ಅಥವಾ ಪಟ್ಟ ಕಣ್ಣಿಗೆ ಕಾಣದ್ದರಿಂದ ಹಾಗಾಯಿತೋ. ಆಯಿ ಮಾತ್ರ, "ಈಗ ಆಡಾಕ ಕಲ್ತಾನ" ಎಂದಳು, ನಗಲಿಲ್ಲ.

ಆಡುವಾಗ ಅವನು ಹೇಳುತ್ತಿದ್ದ ಸುದ್ದಿಗಳೇ ಆ ಮನೆಗೆ ಹೊರಜಗತ್ತು. ಒಂದು ದಿನ ಕಲಬುರಗಿ, ವಿಜಯಪುರ ಸೀಮೆಯ ಕೂಲಿಗಳನ್ನು ಭೀಮಾ ನದಿಯ ಸೇತುವೆಯ ಈಚೆಗೆ ಇಳಿಸಿದ್ದ. ದಾರಿಯುದ್ದಕ್ಕೂ ಬಸ್ಸಿನ ತುಂಬ ಕನ್ನಡ. ಅವನಿಗೆ ತನ್ನ ಓಣಿಯಲ್ಲೇ ಬಸ್ಸು ಓಡಿಸಿದಂತಾಗಿತ್ತು. ಸೇತುವೆಯಾಚೆ ಧೂಳಖೇಡದ ತಪಾಸಣಾ ಠಾಣೆ. ಅಲ್ಲಿಯ ಫಲಕ ಕನ್ನಡದಲ್ಲಿದೆ, ಮಾತು ಕನ್ನಡದಲ್ಲಿದೆ. ಇಳಿದವರು ಗಂಟುಮೂಟೆ ಹೊತ್ತು ಆ ಕಡೆ ಸಾಲು ನಿಂತರು. ತವರು ಭಾಷೆಯ ನೆಲಕ್ಕೆ ಮೂಗು ಬಾಯಿ ಕಟ್ಟಿಕೊಂಡು, ಹಣೆಗೆ ಉಷ್ಣಮಾಪಕ ಹಿಡಿಸಿಕೊಂಡು ಕಾಲಿಡಬೇಕಾಗಿತ್ತು. ಒಬ್ಬ ಮುದುಕ ತಿರುಗಿ ಬಂದು ಚಾಲಕನ ಕಿಟಕಿಯ ಕೆಳಗೆ ಕೈ ಮುಗಿದನಂತೆ. ಮಾಸ್ಕ್ ಇಲ್ಲದ ಮುದುಕ. ಕಿಟಕಿಯ ಗಾಜನ್ನು ಮುಚ್ಚಬೇಕೋ ಬೇಡವೋ ಎಂದು ಒಂದು ಕ್ಷಣ ಅನಿಸಿತು, ಮುಚ್ಚಲಿಲ್ಲ ಎಂದು ಅವನು ಹೇಳಿದ. ಒಳಗೆ ಕಿರಿಯವನು ಕವಡೆ ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡಿದ್ದ.

ಇದೇ ಮೇ ತಿಂಗಳಲ್ಲಿ ಆಳಂದ ತಾಲೂಕಿಗೆ ಕೊಟ್ಟ ಮಗಳಿಗೆ ಹೆರಿಗೆಯಾಯಿತು. ವಾಗ್ದರಿ ದಾಟಿದರೆ ಅವಳ ಊರು ದೂರವಲ್ಲ. ಬಾಣಂತಿಗೆ ಅಂಟಿನುಂಡೆ ತಕ್ಕೊಂಡು ಮುಂಜಾನೆ ಹೋಗಿ ಸಂಜೆ ಮರಳಬಹುದಾದ ಹಾದಿ. ಆದರೆ ಆಗ ಕರ್ನಾಟಕವು ಮಹಾರಾಷ್ಟ್ರದಿಂದ ಬರುವವರಿಗೆ ಪ್ರವೇಶ ನಿರ್ಬಂಧಿಸಿತ್ತು. ಕನ್ನಡ ಸುದ್ದಿವಾಹಿನಿಗಳಲ್ಲಿ 'ಮಹಾರಾಷ್ಟ್ರದಿಂದ ಬಂದವರು' ಎಂಬ ಪದಸಮೂಹ ದಿನಕ್ಕೆ ನೂರು ಸಲ ಕೇಳುತ್ತಿತ್ತು. ಮಾರ್ಚಿನಲ್ಲಿ ಇದು ತಿರುವುಮುರುವಾಗಿತ್ತು. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಆದಾಗ ಅಕ್ಕಲಕೋಟೆಯವರೇ ಆ ಕಡೆಯ ಬೀಗರಿಗೆ ಫೋನ್ ಮಾಡಿ 'ಸದ್ಯ ಬರಬೇಡಿ' ಎಂದಿದ್ದರು. ಆ ಮನೆಯವರೂ ಎಂದಿದ್ದರು. ಅದನ್ನು ನೆನೆಸಿ ಆಯಿ ಮಗಳ ಅತ್ತೆಯೊಡನೆ ಫೋನಿನಲ್ಲಿ ವಾದ ಮಾಡಲಿಲ್ಲ. ಮೊಮ್ಮಗಳ ಮುಖವನ್ನು ಮೊಬೈಲಿನಲ್ಲಿ ನೋಡಿದಳು. ಎರಡೂ ಕಡೆ ಸಿಗ್ನಲ್ ದುರ್ಬಲ. ಕೂಸಿನ ಮುಖ ಚೌಕಚೌಕವಾಗಿ ಒಡೆದು ನಿಲ್ಲುತ್ತಿತ್ತು.

ಜುಲೈನಲ್ಲಿ ಪಾಠಗಳು ಟಿವಿಗೆ ಬಂದವು. ಸಹ್ಯಾದ್ರಿ ವಾಹಿನಿಯಲ್ಲಿ 'ಟಿಲಿಮಿಲಿ', ಮರಾಠಿಯಲ್ಲಿ. ಚಂದನದಲ್ಲಿ 'ಸಂವೇದ', ಕನ್ನಡದಲ್ಲಿ, ಆದರೆ ಕರ್ನಾಟಕದ ಪಠ್ಯಕ್ಕೆ. ಪುಣೆಯ ಬಾಲಭಾರತಿ ಅಚ್ಚು ಹಾಕಿಸಿದ ಕನ್ನಡ ಪುಸ್ತಕ ಹಿಡಿದ ಹುಡುಗಿಗೆ ಒಂದರಲ್ಲಿ ಪಾಠ ತನ್ನದು, ಭಾಷೆ ತನ್ನದಲ್ಲ. ಇನ್ನೊಂದರಲ್ಲಿ ಭಾಷೆ ತನ್ನದು, ಪಾಠ ತನ್ನದಲ್ಲ. ಅವಳು ಎರಡನ್ನೂ ನೋಡಿದಳು. ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಯ ಬಗ್ಗೆ ವಿಚಾರಸಂಕಿರಣಗಳಲ್ಲಿ ಓದಲಾಗುವ ಪ್ರಬಂಧಗಳಿಗಿಂತ ಆ ಹುಡುಗಿಯ ರಿಮೋಟು ಹೆಚ್ಚು ಹೇಳುತ್ತಿತ್ತು. ಕೆಲವೇ ದಿನಗಳಲ್ಲಿ ಅವಳು ಮಧ್ಯಾಹ್ನ ಟಿವಿ ಆರಿಸಿ ಪಟ್ಟದ ಮುಂದೆ ಕುಳಿತುಕೊಳ್ಳತೊಡಗಿದಳು, ಯಾರೂ ಬೈಯಲಿಲ್ಲ.

ಜೂನಿನಲ್ಲಿ ಡ್ಯೂಟಿ ಇಲ್ಲದ ವಾರಗಳಲ್ಲಿ ಹಿರಿಯವನು ಒಳಗೆ ಬಂದಿದ್ದ. ಆಗಸ್ಟ್ 20ರಿಂದ ಜಿಲ್ಲೆಯಿಂದ ಜಿಲ್ಲೆಗೆ ಎಸ್‌ಟಿ ಬಸ್ಸುಗಳು ಮತ್ತೆ ಓಡತೊಡಗಿದಾಗ ಯಾರೂ ಹೇಳುವ ಮುನ್ನವೇ ಹಾಸಿಗೆಯನ್ನು ತಾನೇ ಹೊರಗೆ ಒಯ್ದ. ಅಷ್ಟರಲ್ಲಿ ಪತಸಂಸ್ಥೆಯೂ ತೆರೆದಿತ್ತು. ಕಿರಿಯವನು ದಿನವೂ ನೋಟು ಎಣಿಸಿ ಬರುತ್ತಿದ್ದ; ಬಂದವನು ಸ್ನಾನ ಮಾಡಿ ಒಳಗೆ ಮಲಗುತ್ತಿದ್ದ. ನೋಟು ಎಣಿಸುವವನು ಒಳಗೆ, ಬಸ್ಸು ಓಡಿಸುವವನು ಹೊರಗೆ ಎಂಬ ಈ ಏರ್ಪಾಡು ಯಾರ ಪಾಟಿಯ ಲೆಕ್ಕ ಎಂದು ಹಿರಿಯ ಸೊಸೆ ಒಂದು ಸಲ ಕೇಳಿದಳು, ಗಂಡನಿಗೆ ಮಾತ್ರ ಕೇಳಿಸುವಂತೆ. ಅವನು, "ಬಿಡು, ಹೊರಗ ಗಾಳಿ ಚಲೋ ಐತಿ" ಎಂದ.

ಸೆಪ್ಟೆಂಬರ್ ಎರಡನೆಯ ವಾರ ಆಯಿಗೆ ಜ್ವರ ಬಂತು. ಮೂರನೆಯ ದಿನ ಬೆರಳಿಗೆ ಸಿಕ್ಕಿಸಿದ ಯಂತ್ರ 91 ತೋರಿಸಿತು. ಹಿರಿಯವನು ಆ ರಾತ್ರಿ ಪುಣೆಯ ದಾರಿಯಲ್ಲಿದ್ದ. ಅಂಬ್ಯುಲೆನ್ಸಿನಲ್ಲಿ ಅವಳ ಜೊತೆ ಹತ್ತಿ ಕುಳಿತವನು ಕಿರಿಯವನು. ಬೇಡ, ಹಿಂದೆ ಗಾಡಿಯಲ್ಲಿ ಬನ್ನಿ ಎಂದು ಹೆಂಡತಿ ಹೇಳಿದರೂ ಅವನು ಕೇಳಲಿಲ್ಲ. ಹಾಲಿನ ಪಾಕೀಟು ತೊಳೆಯುತ್ತಿದ್ದ ಆ ಕೈ ನಲವತ್ತು ಕಿಲೋಮೀಟರು ತಾಯಿಯ ಕೈಯನ್ನು ಹಿಡಿದುಕೊಂಡಿತ್ತು. ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಸಿಕ್ಕಿತು. ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಒಂಬತ್ತು ದಿನ ಅವನು ಆವರಣದ ಬೇವಿನ ಮರದ ಕೆಳಗೆ, ಅವನಂಥ ಹತ್ತಾರು ಜನರ ನಡುವೆ, ಚಾದರ ಹಾಸಿಕೊಂಡು ಮಲಗಿದ. ದಿನಕ್ಕೊಮ್ಮೆ ಹೆಸರು ಕೂಗಿದಾಗ ಎದ್ದು ಹೋಗಿ ಔಷಧದ ಚೀಟಿ ತರುತ್ತಿದ್ದ. ಕೂಗಿದ ಹೆಸರು ಕೇಳಿದೊಡನೆ ಎದೆ ಹಾರುತ್ತಿತ್ತು. ಚೀಟಿ ಎಂದು ತಿಳಿದ ಮೇಲೆ ಕಾಲು ನೆಲಕ್ಕೆ ತಾಗುತ್ತಿತ್ತು.

ಸೋಂಕು ಯಾರಿಂದ ಬಂತು? ಈ ಪ್ರಶ್ನೆ ಆ ವರ್ಷ ಎಷ್ಟು ಮನೆಗಳನ್ನು ಒಳಗೊಳಗೇ ಸೀಳಿತೆಂಬುದನ್ನು ಬರೆದಿಟ್ಟವರು ಕಡಿಮೆ. ಬಸ್ಸಿನಿಂದ ಬಂದಿರಬಹುದು. ಆದರೆ ಹಿರಿಯವನು ಹೊಸ್ತಿಲು ದಾಟಿ ಇಪ್ಪತ್ತು ದಿನಗಳಾಗಿದ್ದವು. ನೋಟುಗಳೊಡನೆ, ಖಾತೆದಾರರ ಉಸಿರಿನೊಡನೆ ಬಂದಿರಬಹುದು. ತರಕಾರಿಯವಳಿಂದ, ಓಣಿಯ ಯಾರಿಂದಲೋ ಬಂದಿರಬಹುದು. ಮನೆಯವರ ತಪಾಸಣೆಯಲ್ಲಿ ಎಲ್ಲರದೂ ನೆಗೆಟಿವ್ ಬಂತು. ಅದರಿಂದ ಯಾರ ಮನಸ್ಸೂ ಹಗುರಾಗಲಿಲ್ಲ. ಹಿರಿಯವನು ರಜೆ ಹಾಕಿ ಸೊಲ್ಲಾಪುರಕ್ಕೆ ಹೋಗಿ, ಅದೇ ಮರದ ಕೆಳಗೆ ತಮ್ಮನಿಂದ ಆರು ಅಡಿ ದೂರ ಕುಳಿತು ಬಂದ. ಇಬ್ಬರೂ ಏನು ಮಾತಾಡಿದರೆಂದರೆ, ಆ ವರ್ಷದ ಮಳೆಯ ಬಗ್ಗೆ.

ಮನೆಯಲ್ಲಿ ಪಟ್ಟದ ಮೇಲೆ ಆಯಿ ಜ್ವರದಿಂದ ಎದ್ದುಹೋದ ದಿನದ ಆಟ ಹಾಗೆಯೇ ಇತ್ತು. ಕಸ ಗುಡಿಸುವಾಗ ಸೊಸೆಯಂದಿರು ಆ ಪರಸಿಯನ್ನು ಬಿಟ್ಟು ಗುಡಿಸಿದರು.

ಹತ್ತನೆಯ ದಿನ ಆಯಿ ಮರಳಿದಳು. ಅರ್ಧಕ್ಕೆ ಇಳಿದಿದ್ದಳು, ದನಿ ನವೆದಿತ್ತು. ಅವಳನ್ನು ಒಳಗೆ ಒಯ್ದು ಮಲಗಿಸಿದ ಮೇಲೆ ಕಿರಿಯವನು ಹೊರಬಂದು, ಅಣ್ಣನ ಹಾಸಿಗೆಯ ಪಕ್ಕದಲ್ಲಿದ್ದ ಚಾಪೆಯನ್ನು ಬಿಡಿಸಿ ಕಟ್ಟೆಯ ಮೇಲೆ ಹಾಸಿದ. ಆಸ್ಪತ್ರೆಯ ಆವರಣದಲ್ಲಿ ಒಂಬತ್ತು ದಿನ ಇದ್ದವನು. ಹದಿನಾಲ್ಕು ದಿನ ಒಳಗೆ ಬರುವುದಿಲ್ಲ ಎಂದ. ರಜೆಯ ಮೇಲಿದ್ದ ಅಣ್ಣನಿಗೆ, ನೀನು ಒಳಗೆ ಹೋಗು, ಅವ್ವನ ಹತ್ತಿರ ಒಬ್ಬರು ಇರಬೇಕು ಎಂದ.

ರಾತ್ರಿ ಊಟ ತಂದವಳು ಹಿರಿಯ ಸೊಸೆ. ಕಟ್ಟೆಯ ಅಂಚಿಗೆ ಇಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವನು ತಾಟನ್ನು ತಿರುಗಿಸಿ ಅಂಚು ನೋಡಿದ.

"ವೈನಿ, ಇದು ಮನಿ ತಾಟು. ಆ ಕೆಂಪು ಚುಕ್ಕಿದು ಕೊಡ್ರಿ."

"ಅದೆಲ್ಲಿ ಇಟ್ಟೀನೋ ನೆಪ್ಪಿಲ್ಲ" ಎಂದಳು ಅವಳು. "ರೊಟ್ಟಿ ಆರ್ತಾವು, ಉಣ್ಣ್ರಿ."

ಒಳಗೆ ಪಡಸಾಲೆಯಲ್ಲಿ ಕವಡೆಗಳು ಪರಸಿಯ ಮೇಲೆ ಬಿದ್ದ ಸದ್ದಾಯಿತು. ಹುಡುಗಿ ಬಾಗಿಲ ಕಡೆಗೆ ಮುಖ ಮಾಡಿ ಕೂಗಿದಳು:

"ಕಾಕಾ, ನಿಮಗ ಮೂರು ಬಿತ್ತು. ಯಾವ ಕಾಯಿ ನಡಸ್ಲಿ?"